ಹಿಂದುಳಿದವನನ್ನು ಹೊರಗೆ ನಿಲ್ಲಿಸುವ ತರಗತಿ

ಕಾಲೇಜಿನ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟು, ಒಳಗೆ ಬಂದವರಲ್ಲಿ ದುರ್ಬಲರನ್ನು ಪಡಸಾಲೆಯಲ್ಲೇ ಕೂರಿಸಿದರೆ ಅದನ್ನು ಶಿಕ್ಷಣದ ಅವಕಾಶವೆಂದು ಕರೆಯಲಾದೀತೇ? ಅಮೇರಿಕದ ಕಮ್ಯುನಿಟಿ ಕಾಲೇಜುಗಳು ಈ ಪ್ರಶ್ನೆಯನ್ನು ಬಹಳ ತಡವಾಗಿ ಕೇಳಿಕೊಂಡವು. ಅವು ಕಂಡುಕೊಂಡ ಉತ್ತರದಲ್ಲಿ ನಮ್ಮ ಸಮುದಾಯಕ್ಕೂ ಒಂದು ಪಾಠವಿದೆ.

ಕಮ್ಯುನಿಟಿ ಕಾಲೇಜೆಂದರೆ ಎರಡು ವರ್ಷಗಳ ಸಾರ್ವಜನಿಕ ಕಾಲೇಜು. ಅಲ್ಲಿ ಶುಲ್ಕ ಕಡಿಮೆ. ಹೈಸ್ಕೂಲು ಮುಗಿಸಿದ ಯಾರಿಗೂ ಪ್ರವೇಶವಿಲ್ಲವೆನ್ನುವ ಪದ್ಧತಿಯಿಲ್ಲ. ಎರಡು ವರ್ಷ ಓದಿ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಸೇರಲೂಬಹುದು. ಕಾರ್ಮಿಕರ ಮಕ್ಕಳು, ಕರಿಯರು, ವಲಸೆ ಬಂದ ಕುಟುಂಬಗಳ ಯುವಕರು, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಓದಲು ಬರುವ ತಾಯಂದಿರು - ಇವರೆಲ್ಲರಿಗೂ ಉನ್ನತ ಶಿಕ್ಷಣದ ಮೊದಲ ಮೆಟ್ಟಿಲು ಇದೇ. ಕ್ಯಾಲಿಫೋರ್ನಿಯಾ ರಾಜ್ಯವೊಂದರಲ್ಲೇ ಇಂತಹ 116 ಕಾಲೇಜುಗಳಿವೆ.

ಆದರೆ ಸೇರಿದವರೆಲ್ಲರೂ ನೇರವಾಗಿ ಪದವಿಯ ಪಾಠಕ್ಕೆ ಹೋಗುವಂತಿರಲಿಲ್ಲ. ಇಂಗ್ಲಿಷ್ ಮತ್ತು ಗಣಿತದಲ್ಲಿ ಮಟ್ಟವನ್ನು ಅಳೆಯುವ ಒಂದು ಸಣ್ಣ ಪರೀಕ್ಷೆಯನ್ನು ಬರೆಯಬೇಕಿತ್ತು. ಅದರಲ್ಲಿ ಕಡಿಮೆ ಅಂಕ ಬಂದವರನ್ನು ಪರಿಹಾರ ಬೋಧನೆಯ ತರಗತಿಗೆ ಕಳುಹಿಸಲಾಗುತ್ತಿತ್ತು. ಕೆಲವರಿಗೆ ಒಂದು ಹಂತ, ಕೆಲವರಿಗೆ ಮೂರು ಹಂತ. ಈ ತರಗತಿಗಳಿಗೂ ಶುಲ್ಕ ಕಟ್ಟಬೇಕು. ಆದರೆ ಅಲ್ಲಿ ತೇರ್ಗಡೆಯಾದರೂ ಪದವಿಯ ಲೆಕ್ಕಕ್ಕೆ ಏನೂ ಸೇರುವುದಿಲ್ಲ. ಹಣ ಖರ್ಚಾಗುತ್ತದೆ, ವರ್ಷ ಕಳೆಯುತ್ತದೆ, ವಿದ್ಯಾರ್ಥಿ ಮಾತ್ರ ಕಾಲೇಜಿನ ಹೊಸ್ತಿಲಲ್ಲೇ ನಿಂತಿರುತ್ತಾನೆ.

ಉದ್ದೇಶ ಒಳ್ಳೆಯದೇ ಆಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಬುನಾದಿ ಗಟ್ಟಿಯಾಗಲಿ ಎಂದೇ ಈ ವ್ಯವಸ್ಥೆಯನ್ನು ಮಾಡಲಾಗಿತ್ತು. ಆದರೆ ಫಲಿತಾಂಶವೇನು? ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವು ಕಣ್ತೆರೆಸುವಂತಿತ್ತು. ಪರಿಹಾರ ಬೋಧನೆಗೆ ಕಳುಹಿಸಲ್ಪಟ್ಟವರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಮಾತ್ರ ಅದರ ಎಲ್ಲ ಹಂತಗಳನ್ನು ಪೂರೈಸಿದ್ದರು. ಗಣಿತದಲ್ಲಿ ಮೂರು ಹಂತ ಕೆಳಗಿದ್ದವರ ಪೈಕಿ ಪೂರೈಸಿದವರು ಶೇ. 17 ಮಾತ್ರ. ಸುಮಾರು ಶೇ. 30 ಮಂದಿಯಂತೂ ಆ ತರಗತಿಗೆ ಹೆಸರನ್ನೇ ನೋಂದಾಯಿಸಿರಲಿಲ್ಲ. ಅಂದರೆ ಪರೀಕ್ಷೆಯಲ್ಲಿ ಸೋತು ಹೊರಹೋದವರಿಗಿಂತ, ‘ನೀನು ಅನರ್ಹ’ ಎಂಬ ಮಾತನ್ನು ಕೇಳಿಯೋ ಹಂತಗಳ ನಡುವಿನ ಬಿಡುವಿನಲ್ಲೋ ಸದ್ದಿಲ್ಲದೆ ಮರೆಯಾದವರೇ ಹೆಚ್ಚು.

ಇದರ ಹಿಂದೆ ಸರಳವಾದ ಲೆಕ್ಕವೊಂದಿದೆ. ನೂರು ಮಂದಿಯಲ್ಲಿ ಎಪ್ಪತ್ತು ಮಂದಿ ಪ್ರತಿ ಹಂತವನ್ನೂ ದಾಟಿ ಮುಂದಿನದಕ್ಕೆ ಸೇರುತ್ತಾರೆ ಎಂದಿಟ್ಟುಕೊಳ್ಳೋಣ. ಮೊದಲ ಹಂತದ ನಂತರ 70, ಎರಡನೆಯದರ ನಂತರ 49, ಮೂರನೆಯದರ ನಂತರ 34 ಮಂದಿ ಉಳಿಯುತ್ತಾರೆ. ಅಧ್ಯಾಪಕರು ಎಷ್ಟೇ ಸಮರ್ಥರಿರಲಿ, ಹಂತಗಳ ಸಂಖ್ಯೆಯೇ ವಿದ್ಯಾರ್ಥಿಯನ್ನು ಸೋಲಿಸುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತಲೂ ನೋವಿನದು. ಆ ಸಣ್ಣ ಪರೀಕ್ಷೆಯೇ ವಿಶ್ವಾಸಾರ್ಹವಾಗಿರಲಿಲ್ಲ. ಪರಿಹಾರ ಬೋಧನೆಗೆ ತಳ್ಳಲ್ಪಟ್ಟವರಲ್ಲಿ ಗಣಿತದಲ್ಲಿ ಕಾಲು ಭಾಗದವರೆಗೆ, ಇಂಗ್ಲಿಷಿನಲ್ಲಿ ಮೂರನೆಯ ಒಂದು ಭಾಗದವರೆಗೆ ವಿದ್ಯಾರ್ಥಿಗಳು ನೇರವಾಗಿ ಪದವಿಯ ಪಾಠಕ್ಕೆ ಕೂತಿದ್ದರೂ ಉತ್ತಮ ದರ್ಜೆಯನ್ನೇ ಪಡೆಯುತ್ತಿದ್ದರು ಎಂದು 2012ರ ಅಧ್ಯಯನವೊಂದು ಅಂದಾಜಿಸಿತು. ನಾಲ್ಕು ವರ್ಷಗಳ ಹೈಸ್ಕೂಲಿನ ಅಂಕಗಳು ಹೇಳುವ ಸತ್ಯವನ್ನು ಒಂದು ಮಧ್ಯಾಹ್ನದ ಪರೀಕ್ಷೆ ಹೇಳಲಾರದು.

ಆದ್ದರಿಂದ ಸುಧಾರಣೆ ಅನಿವಾರ್ಯವಾಯಿತು. 2007ರಲ್ಲಿ ಬಾಲ್ಟಿಮೋರ್ ಕೌಂಟಿಯ ಕಮ್ಯುನಿಟಿ ಕಾಲೇಜು ಹೊಸ ದಾರಿಯೊಂದನ್ನು ತೋರಿಸಿತು. ದುರ್ಬಲನೆನಿಸಿದ ವಿದ್ಯಾರ್ಥಿಯನ್ನು ಮೊದಲ ದಿನದಿಂದಲೇ ಸಾಮಾನ್ಯ ಇಂಗ್ಲಿಷ್ ತರಗತಿಯಲ್ಲಿ ಕೂರಿಸಲಾಯಿತು. ಜೊತೆಗೆ ಅದೇ ಅಧ್ಯಾಪಕರು ಅದೇ ಪಾಠಕ್ಕೆ ಸಂಬಂಧಿಸಿ ಸಣ್ಣ ಗುಂಪಿಗೆ ಹೆಚ್ಚುವರಿ ತರಗತಿಯನ್ನು ನಡೆಸಿದರು. ಟೆನ್ನೆಸ್ಸೀ ರಾಜ್ಯ 2015ರಲ್ಲಿ ಈ ಪದ್ಧತಿಯನ್ನು ಎಲ್ಲೆಡೆ ಜಾರಿಗೆ ತಂದಿತು. ಹಳೆಯ ಪದ್ಧತಿಯಲ್ಲಿ ಒಂದು ವರ್ಷದೊಳಗೆ ಪದವಿ ಮಟ್ಟದ ಗಣಿತವನ್ನು ದಾಟುತ್ತಿದ್ದವರು ಸುಮಾರು ಶೇ. 12, ಹೊಸ ಪದ್ಧತಿಯಲ್ಲಿ ಅರ್ಧದಷ್ಟು ಮಂದಿ ದಾಟಿದರು. ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನನ್ನೇ ಮಾಡಿ, ಹೈಸ್ಕೂಲಿನ ಸಾಧನೆಯನ್ನು ಪರಿಗಣಿಸಬೇಕೆಂದೂ ವಿದ್ಯಾರ್ಥಿಯನ್ನು ವೃಥಾ ಪರಿಹಾರ ಬೋಧನೆಗೆ ತಳ್ಳಬಾರದೆಂದೂ ವಿಧಿಸಿತು.

ಹಾಗೆಂದು ಹಂತಗಳನ್ನು ಕಿತ್ತುಹಾಕಿದರೆ ಎಲ್ಲವೂ ಸರಿಹೋಗುತ್ತದೆಯೇ? ಇಲ್ಲ. ಹೊಸ ಪದ್ಧತಿಯಿಂದ ಮೊದಲ ಪತ್ರಿಕೆಯನ್ನು ದಾಟುವವರು ಹೆಚ್ಚಿದರೂ ಪದವಿ ಪೂರೈಸುವವರು ಅಷ್ಟೇ ಪ್ರಮಾಣದಲ್ಲಿ ಹೆಚ್ಚಲಿಲ್ಲ ಎಂಬುದು ಟೆನ್ನೆಸ್ಸೀಯ ಅನುಭವವೇ ಆಗಿದೆ. ತೀರಾ ಹಿಂದುಳಿದವರು ದೊಡ್ಡ ತರಗತಿಯಲ್ಲಿ ಕಂಗಾಲಾಗುತ್ತಾರೆಂಬ ಅಧ್ಯಾಪಕರ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ಗೋಡೆಯನ್ನು ಕೆಡವಿದರಷ್ಟೇ ಸಾಲದು, ಕೈ ಹಿಡಿದು ನಡೆಸುವವರೂ ಬೇಕು. ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯವು 2007ರಲ್ಲಿ ಆರಂಭಿಸಿದ ಯೋಜನೆ ಇದನ್ನು ತೋರಿಸಿಕೊಟ್ಟಿತು. ಅದು ವಿದ್ಯಾರ್ಥಿಗಳಿಗೆ ಪ್ರಯಾಣದ ಪಾಸು, ಪುಸ್ತಕ ಮತ್ತು ಶುಲ್ಕದ ಕೊರತೆಯನ್ನು ತುಂಬುವ ನೆರವು ನೀಡಿತು. ಎಲ್ಲಕ್ಕಿಂತ ಮಿಗಿಲಾಗಿ, ಮತ್ತೆ ಮತ್ತೆ ಭೇಟಿಯಾಗಿ ವಿಚಾರಿಸುವ ಒಬ್ಬ ಸಲಹೆಗಾರರನ್ನು ಒದಗಿಸಿತು. ಪರಿಹಾರ ಬೋಧನೆಯ ಅಗತ್ಯವಿದ್ದ ವಿದ್ಯಾರ್ಥಿಗಳಲ್ಲಿ ಈ ನೆರವು ಪಡೆದವರ ಪೈಕಿ ಮೂರು ವರ್ಷಗಳಲ್ಲಿ ಶೇ. 40 ಮಂದಿ ಪದವಿ ಪಡೆದರು, ಪಡೆಯದವರಲ್ಲಿ ಶೇ. 22 ಮಾತ್ರ. ತಲಾ ಖರ್ಚು ಹೆಚ್ಚಾದರೂ, ಒಂದು ಪದವಿಗೆ ತಗಲುವ ವೆಚ್ಚ ಕಡಿಮೆಯಾಯಿತು.

ಈಗ ನಮ್ಮ ಕಡೆಗೆ ನೋಡೋಣ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾನೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಕಿರುಪರೀಕ್ಷೆಯಲ್ಲೇ ಸೋಲುತ್ತಾನೆ. ‘ಅವನ ತಲೆಗೆ ಓದು ಹತ್ತುವುದಿಲ್ಲ’ ಎಂದು ತಂದೆ ಅಂಗಡಿಯಲ್ಲಿ ಕೂರಿಸುತ್ತಾರೆ. ಹುಡುಗಿಯಾದರೆ ಮದುವೆಯ ಮಾತು ಆರಂಭವಾಗುತ್ತದೆ. ಅವರಲ್ಲಿ ಇಲ್ಲದಿದ್ದುದು ಬುದ್ಧಿಯಲ್ಲ, ಆ ಮೂರು ತಿಂಗಳ ಆಸರೆ. ಪ್ರತಿಷ್ಠಿತ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ 25ರಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿದಾಗ ನಾವು ಸರಕಾರವನ್ನು ಪ್ರಶ್ನಿಸಿದೆವು, ಪ್ರಶ್ನಿಸಬೇಕಾದುದೂ ಹೌದು. ಆದರೆ ನಡುದಾರಿಯಲ್ಲಿ ಕಳೆದುಹೋದ ನಮ್ಮದೇ ಮೊಹಲ್ಲಾದ ಮಕ್ಕಳನ್ನು ಯಾರಾದರೂ ಎಣಿಸಿದ್ದೇವೆಯೇ?

ನಮ್ಮ ಸಂಘಟನೆಗಳು ವರ್ಷವೂ ಪ್ರತಿಭಾ ಪುರಸ್ಕಾರ ನಡೆಸುತ್ತವೆ. ಶೇ. 90 ಪಡೆದವರಿಗೆ ಶಾಲು, ಸ್ಮರಣಿಕೆ, ಫೋಟೋ. ಸಂತೋಷವೇ. ಆದರೆ ಒಂದು ವಿಷಯದಲ್ಲಿ ಅನುತ್ತೀರ್ಣನಾದವನ ಮನೆಯ ಬಾಗಿಲನ್ನು ತಟ್ಟಿದವರೆಷ್ಟು ಮಂದಿ? ಗೆದ್ದವನು ಶಾಲಿಲ್ಲದೆಯೂ ಗೆಲ್ಲುತ್ತಾನೆ. ಸೋತವನಿಗೇ ಸಮುದಾಯದ ಅಗತ್ಯವಿರುವುದು.

ಸಾಮೂಹಿಕ ನಮಾಝ್‌ಗೆ ತಡವಾಗಿ ಬಂದವನು ಏನು ಮಾಡುತ್ತಾನೆಂದು ನಮಗೆಲ್ಲರಿಗೂ ಗೊತ್ತು. ತಪ್ಪಿಹೋದ ರಕಅತ್‌ಗಳನ್ನು ಮೊದಲು ಒಂಟಿಯಾಗಿ ಮುಗಿಸಿ ಆನಂತರ ಸಾಲಿಗೆ ಬಾ ಎಂದು ಯಾರೂ ಅವನನ್ನು ಹಿಂದೆ ನಿಲ್ಲಿಸುವುದಿಲ್ಲ. ಇಮಾಮರು ಯಾವ ಸ್ಥಿತಿಯಲ್ಲಿದ್ದಾರೋ ಆ ಸ್ಥಿತಿಯಲ್ಲೇ ಅವನು ಸಾಲನ್ನು ಸೇರುತ್ತಾನೆ. ಬಿಟ್ಟುಹೋದುದನ್ನು ಇಮಾಮರ ಸಲಾಮ್‌ನ ಬಳಿಕ ಪೂರ್ತಿಗೊಳಿಸುತ್ತಾನೆ. ಸಾಲಿನಲ್ಲಿ ಅವನ ಭುಜಕ್ಕೆ ಇತರರ ಭುಜ ತಾಗಿರುತ್ತದೆ. ದಿನಕ್ಕೆ ಐದು ಬಾರಿ ಕಾಣುವ ಈ ಶಿಸ್ತನ್ನು ನಾವು ಶಿಕ್ಷಣಕ್ಕೆ ಏಕೆ ಅನ್ವಯಿಸಬಾರದು?

ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಸಂಜೆ ಖಾಲಿಯಿರುವ ಮದ್ರಸದ ಕೋಣೆ ಸಾಕು. ಕಾಲೇಜಿನಲ್ಲಿ ಆ ವಾರ ನಡೆದ ಪಾಠವನ್ನೇ ಆ ವಾರವೇ ಮನೆಮಾತಿನಲ್ಲಿ ಬಿಡಿಸಿ ಹೇಳಬಲ್ಲ ಒಬ್ಬ ಪದವೀಧರನೋ ಪದವೀಧರೆಯೋ ಸಾಕು. ಬಸ್ ಪಾಸಿಗೆ ಹಣವಿಲ್ಲದವನಿಗೆ ಝಕಾತ್ ನಿಧಿಯಿಂದ ನೆರವಾಗಬಹುದು. ಎರಡು ದಿನ ಗೈರುಹಾಜರಾದರೆ ಮನೆಗೆ ಹೋಗಿ ವಿಚಾರಿಸುವ ಹೊಣೆಯನ್ನು ಒಬ್ಬರು ಹೊತ್ತರೆ ಸಾಕು. ಬದ್ರ್‌ನ ಯುದ್ಧ ಕೈದಿಗಳಿಂದಲೂ ಮದೀನದ ಮಕ್ಕಳಿಗೆ ಅಕ್ಷರ ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳಿಗೆ ಇದು ಅಸಾಧ್ಯವೇ?

ಮುಂದಿನ ಫಲಿತಾಂಶ ಬಂದಾಗ ಪುರಸ್ಕಾರದ ಪಟ್ಟಿಯ ಜೊತೆಗೆ ಇನ್ನೊಂದು ಪಟ್ಟಿಯನ್ನೂ ಸಿದ್ಧಪಡಿಸೋಣ: ಸೋತವರದು. ಅವರನ್ನು ಸಾಲಿನಿಂದ ಹೊರಗೆ ನಿಲ್ಲಿಸದೆ, ಸಾಲಿನೊಳಗೇ ಕರೆದುಕೊಳ್ಳೋಣ.