ಹೊಡೆದವರು ಯಾರು?

ಮೂಡಲಗಿ ಹತ್ತಿರದ ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ಹೋದ ಬೇಸಿಗೆಯಲ್ಲಿ ಅಲ್ಲೊಂದು ಮದುವೆ. ಬಂದವರಿಗೆ ಶರಬತ್ತು ಆಗಬೇಕಲ್ಲ? ಅಂಗಳದಲ್ಲಿ ಬುಟ್ಟಿಗಟ್ಟಲೆ ನಿಂಬೆಹಣ್ಣು ಸುರಿದಿದ್ದರು. ಹಿಂಡುವ ಕೆಲಸ ಹನ್ನೆರಡು ವರ್ಷದ ನನ್ನ ಅಳಿಯನ ಪಾಲಿಗೆ ಬಂತು. ಎರಡು ತಾಸು ಹಿಂಡಿದ. ಆಮೇಲೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಮೂರು ವರ್ಷದ ತಂಗಿಯನ್ನು ಎತ್ತಿಕೊಂಡು, ಉರಿಬಿಸಿಲಲ್ಲಿ ಬ್ಯಾಂಡಿನವರ ಹಿಂದೆ ಓಡಿದ.

ಎರಡು ದಿನ ಕಳೆದ ಮೇಲೆ ಕೂಸಿನ ತೋಳುಗಳ ಮೇಲೆ ಕೆಂಪು ಬರೆ ಎದ್ದವು. ನಾಲ್ಕು ಬೆರಳು ಎಣಿಸಬಹುದು, ಅಷ್ಟು ಸ್ಪಷ್ಟ. ಬರೆ ಕ್ರಮೇಣ ಕಂದು ಬಣ್ಣಕ್ಕೆ ತಿರುಗಿತು.

“ಯಾಕೋ, ಕೂಸಿಗೆ ಹೊಡದೀ?” ಅಂದರು ಆಯಿ.

“ಇಲ್ಲಬೇ ಆಯಿ, ದೇವರಾಣಿ ನಾ ಹೊಡದಿಲ್ಲ.”

ನಂಬಿದವರು ಯಾರು? ಪಕ್ಕದ ಮನೆಯವರು ಸರ್ಪಸುತ್ತು ಅಂದರು, ಕೆಮ್ಮಣ್ಣು ಹಚ್ಚಿ ಅಂದರು. ಹುಡುಗ ಊಟ ಬಿಟ್ಟು ಕೂತ. ಸಂಜೆ ಗೋಕಾಕದಲ್ಲಿದ್ದ ನನಗೆ ಫೋನ್ ಮಾಡಿ, “ಮಾಮಾ, ನೀವಾದ್ರೂ ನಂಬ್ರಿ” ಅಂದ.

ಮರುದಿನ ಇಬ್ಬರನ್ನೂ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಕೂಸಿಗಿಂತ ಮೊದಲು ಅಣ್ಣನ ಕೈ ಹಿಡಿದು ನೋಡಿದರು. ಅವನ ಮುಂಗೈ ಮೇಲೂ ರಸ ಸಿಡಿದ ಹಾಗೆ ಕಂದು ಚುಕ್ಕೆಗಳು! “ಅವತ್ತು ಈ ಕೈಯಿಂದ ಏನು ಕೆಲಸ ಮಾಡಿದೆ?” ಅಂತ ಒಂದೇ ಪ್ರಶ್ನೆ ಕೇಳಿದರು. ಕಳ್ಳ ಸಿಕ್ಕಿಬಿದ್ದ.

ಕಳ್ಳ ಒಬ್ಬನಲ್ಲ, ಇಬ್ಬರು. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರಾನೊಕೌಮರಿನ್ ಎಂಬ ಜಾತಿಯ ವಸ್ತುಗಳಿವೆ. ನೆರಳಲ್ಲಿ ಅವು ಚರ್ಮಕ್ಕೆ ಏನೂ ಮಾಡುವುದಿಲ್ಲ. ಅರ್ಧ ತಾಸಿನ ಬಿಸಿಲೂ ನಮಗೆ ಹೊಸದಲ್ಲ. ಆದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಬಿದ್ದಾಗ ಈ ವಸ್ತು ಕೆರಳುತ್ತದೆ. ಕೆರಳಿ, ಚರ್ಮದ ಕೋಶದೊಳಗಿನ ಡಿಎನ್‌ಎ ಎಳೆಗಳಿಗೆ ಅಂಟಿಕೊಳ್ಳುತ್ತದೆ. ಕೋಶ ಸಾಯುತ್ತದೆ, ಚರ್ಮ ಸುಟ್ಟಂತಾಗುತ್ತದೆ. ತಕ್ಷಣ ಕಾಣುವುದಿಲ್ಲ, ಒಂದೆರಡು ದಿನ ಬೇಕು. ಅಷ್ಟರಲ್ಲಿ ನಿಂಬೆಹಣ್ಣಿನ ಮಾತೇ ಎಲ್ಲರಿಗೂ ಮರೆತಿರುತ್ತದೆ!

ಈ ಜೋಡಿಕಳ್ಳರನ್ನು ಹಿಡಿಯಲು ದಾರಿ ತೋರಿಸಿದವನು ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ. ಜರ್ಮನಿಯ ಮ್ಯೂನಿಕ್ ನಗರದಲ್ಲಿ, ಫಾನ್ ಟಪ್ಪೈನರ್ ಎಂಬ ಗುರುಗಳ ಕೈಕೆಳಗೆ ಕೆಲಸ ಮಾಡುತ್ತಿದ್ದ. ನೀರಿನಲ್ಲಿರುವ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳಿಗೆ ಅಕ್ರಿಡಿನ್ ಎಂಬ ವಸ್ತು ಹಾಕಿ, ಅವು ಎಷ್ಟು ಹೊತ್ತಿಗೆ ಸಾಯುತ್ತವೆ ಎಂದು ನೋಡುವುದು ಅವನ ಕೆಲಸ. ವಸ್ತು ಅದೇ, ಅಳತೆ ಅದೇ. ಆದರೂ ಒಂದು ದಿನ ಬೇಗ ಸತ್ತವು, ಇನ್ನೊಂದು ದಿನ ಬಹಳ ಹೊತ್ತು ಈಜಾಡಿಕೊಂಡಿದ್ದವು. ನನ್ನಂಥವನಾಗಿದ್ದರೆ ಅಳತೆ ತಪ್ಪಿತು ಅಂತ ಚೆಲ್ಲಿ ಮನೆಗೆ ಹೋಗುತ್ತಿದ್ದೆ. ರಾಬ್ ಹೋಗಲಿಲ್ಲ. ಅವು ಬದುಕಿದ ದಿನ ಗುಡುಗು ಮಳೆ ಬಂದು ಬೆಳಕು ಕಡಿಮೆಯಿತ್ತು ಎಂಬುದು ಅವನಿಗೆ ಹೊಳೆಯಿತು. 1900ರಲ್ಲಿ ಅದನ್ನು ಪ್ರಕಟಿಸಿದ.

ಇವತ್ತಿಗೂ ಪರೀಕ್ಷೆಯ ಜೀವಾಳ ಅದೇ: ಒಂದೇ ಕೆಲಸವನ್ನು ಎರಡು ಸಲ ಮಾಡುವುದು, ಒಂದು ಬೆಳಕಿನಲ್ಲಿ, ಒಂದು ಕತ್ತಲಲ್ಲಿ. 2004ರಲ್ಲಿ ಒಇಸಿಡಿ ಎಂಬ ದೇಶಗಳ ಸಂಸ್ಥೆ ಒಪ್ಪಿಕೊಂಡ ವಿಧಾನ ಹೀಗಿದೆ. ಪಡ್ಡಿನ ಹಂಚು ನೋಡಿದ್ದೀರಲ್ಲ? ಅಂಥ ಗುಳಿಗಳಿರುವ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ. ಗುಳಿ ಮಾತ್ರ 96. ಅದರೊಳಗೆ ಪ್ರಯೋಗಾಲಯದಲ್ಲೇ ಬೆಳೆಸಿಕೊಂಡು ಬಂದ ಇಲಿಯ ಕೋಶಗಳನ್ನು ಸಾಕುತ್ತಾರೆ. ಅಂಥ ಎರಡು ತಟ್ಟೆಗಳಿಗೆ ಪರೀಕ್ಷಿಸಬೇಕಾದ ವಸ್ತುವನ್ನು ಬೇರೆಬೇರೆ ಪ್ರಮಾಣದಲ್ಲಿ ಹಾಕುತ್ತಾರೆ. ಒಂದಕ್ಕೆ ಸುಮಾರು 50 ನಿಮಿಷ ಅತಿನೇರಳೆ ಬೆಳಕು, ಇನ್ನೊಂದು ಅಷ್ಟೇ ಹೊತ್ತು ಕತ್ತಲಲ್ಲಿ. ಮರುದಿನ ಒಂದು ಕೆಂಪು ಬಣ್ಣ ಹಾಕುತ್ತಾರೆ. ಬದುಕಿದ ಕೋಶ ಬಣ್ಣ ಕುಡಿಯುತ್ತದೆ, ಸತ್ತದ್ದು ಕುಡಿಯುವುದಿಲ್ಲ. ಯಾವ ಗುಳಿ ಎಷ್ಟು ಕೆಂಪಗಿದೆ ಎಂದು ಯಂತ್ರ ಅಳೆಯುತ್ತದೆ.

ಉಳಿದದ್ದು ನೀವೇ ಮಾಡುವಂಥ ಭಾಗಾಕಾರ. ಅರ್ಧದಷ್ಟು ಕೋಶ ಸಾಯಲು ಕತ್ತಲಲ್ಲಿ 50 ಪಾಲು ವಸ್ತು ಬೇಕಾಯಿತು, ಬೆಳಕಿನಲ್ಲಿ 5 ಪಾಲು ಸಾಕಾಯಿತು ಎನ್ನಿ. 50 ಭಾಗಿಸು 5 ಅಂದರೆ 10. ಉತ್ತರ 5ಕ್ಕಿಂತ ಹೆಚ್ಚಾದರೆ ಆ ವಸ್ತು ಬೆಳಕಿನಲ್ಲಿ ವಿಷ. 2ಕ್ಕಿಂತ ಕಡಿಮೆಯಾದರೆ ಅಲ್ಲ. ನಡುವೆ ಬಂದರೆ ಅನುಮಾನ. ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಬೀಳುವ ವಸ್ತುವನ್ನು ಮೊದಲು ಪ್ರಾಣಿಗಳ ಚರ್ಮದ ಮೇಲೆ ಪ್ರಯೋಗಿಸುತ್ತಿದ್ದರು. ನಮ್ಮ ದೇಶ 2014ರಲ್ಲಿ ಪ್ರಸಾಧನಗಳಿಗಾಗಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವುದನ್ನು ನಿಷೇಧಿಸಿತು.

ತಟ್ಟೆಗೆ ಎಲ್ಲವೂ ತಿಳಿಯುವುದಿಲ್ಲ. ತಟ್ಟೆಯಲ್ಲಿ ಕೋಶ ಔಷಧದಲ್ಲೇ ಮುಳುಗಿರುತ್ತದೆ, ಮೈಮೇಲಾದರೆ ಚರ್ಮದ ಮೇಲ್ಪದರ ಅಡ್ಡ ಇರುತ್ತದೆ. ಹೊಲದ ಕಾಂಗ್ರೆಸ್ ಕಸದಿಂದ ಕೆಲವರಿಗೆ ಬರುವ ತುರಿಕೆಯೂ ಬಿಸಿಲಿಗೆ ಹೆಚ್ಚುವುದುಂಟು. ಆದರೆ ಅದು ಅಲರ್ಜಿ, ಈ ಪರೀಕ್ಷೆಗೆ ಸಿಗುವುದಿಲ್ಲ.

ಈ ಕತೆ ಹೇಳಿದಾಗ ಹುಕ್ಕೇರಿಯ ನಮ್ಮ ಕಾಕಾ ಎದ್ದು ಹೋಗಿ ಗೋಡೆಯ ಮಾಡದಿಂದ ಒಂದು ಬಾಟಲಿ ತಂದರು. ಬಾವಂಚಿ ಎಣ್ಣೆ. ಮೊಮ್ಮಗಳ ಗಲ್ಲದ ಮೇಲೆ ರೂಪಾಯಿಯಗಲ ತೊನ್ನು ಬಿದ್ದಿದೆ. ಎಣ್ಣೆ ಹಚ್ಚಿ ಬಿಸಿಲಿಗೆ ಕೂಡಿಸಬೇಕೆಂದಿದ್ದರು. ಅದು ಹಳೆಯ ಮದ್ದು, ಸುಳ್ಳಲ್ಲ. 1933ರಲ್ಲಿ ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ರಸಾಯನವಿಜ್ಞಾನಿಗಳು ಬಾವಂಚಿ ಬೀಜದಿಂದ ಸೊರಾಲೆನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದೂ ನಿಂಬೆಯ ಕಳ್ಳನ ಬಳಗದ್ದೇ. ಡಾಕ್ಟರು ತೊನ್ನಿಗೆ ಅದನ್ನು ಕೊಡುವುದೂ ಉಂಟು, ಔಷಧ ಅಳೆದು, ಬೆಳಕು ಅಳೆದು, ನಿಮಿಷ ಎಣಿಸಿ. ಬಾಟಲಿಯಲ್ಲಿ ಸೊರಾಲೆನ್ ಎಷ್ಟಿದೆ ಎಂದು ಯಾರು ಅಳೆದಿದ್ದಾರೆ?

“ಎಷ್ಟೊತ್ತು ಕೂಡಸಬೇಕಪಾ ಹಂಗಾದ್ರ?” ಅಂದರು ಕಾಕಾ.

“ನನ್ನ ಕೇಳಬ್ಯಾಡ್ರಿ. ಡಾಕ್ಟರ್‌ಗೆ ತೋರಿಸ್ರಿ” ಅಂದೆ. ತೊನ್ನು ಅಂಟುರೋಗವಲ್ಲ, ಹುಡುಗಿಯನ್ನು ಸಾಲಿ ಬಿಡಿಸಬೇಡಿ ಅಂತಲೂ ಹೇಳಿದೆ. ಬಾಟಲಿ ಮತ್ತೆ ಮಾಡ ಸೇರಿತು.

ಕೂಸಿನ ತೋಳಿನ ಕಲೆ ದೀಪಾವಳಿಗೆ ಪೂರ್ತಿ ಮಾಸಿತ್ತು. ಹಬ್ಬಕ್ಕೆ ಹೋದಾಗ ಆಯಿ ನಿಂಬೆಹಣ್ಣು, ಚಾಕು, ಸೋಪು ಮೂರನ್ನೂ ಹುಡುಗನ ಮುಂದಿಟ್ಟು, “ಒಳಗ ಕುಂತು ಹಿಂಡೋ ನನ್ನಪ್ಪಾ” ಅಂದರು.