ವಿಮೆ ಕಂತಿನ ಬೇರು ಆಸ್ಪತ್ರೆಯ ದರದಲ್ಲಿದೆ

ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಯಿತು. ಪಾಲಿಸಿ ಮಾಡಿಸಿಕೊಂಡ ಮಧ್ಯಮ ವರ್ಗಕ್ಕೆ ಇದು ನಿಜವಾದ ಉಳಿತಾಯವೇ. ಆದರೆ ತೆರಿಗೆ ಹೋದದ್ದು ಒಂದೇ ಸಲ, ಕಂತು ಏರುವುದು ವರ್ಷ ವರ್ಷವೂ. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸಬೇಕಾದರೆ ಮೊದಲು ತನ್ನನ್ನು ಕೇಳಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿಯಲ್ಲಿ ಕಂಪನಿಗಳಿಗೆ ತಾಕೀತು ಮಾಡಿತು. ಕಂಪನಿಗಳು ಆ ಮಿತಿಯನ್ನು ಚಾಚೂ ತಪ್ಪದೆ ಪಾಲಿಸುತ್ತವೆ ಎಂದೇ ಇಟ್ಟುಕೊಳ್ಳೋಣ. ವರ್ಷಕ್ಕೆ ಶೇ 10ರಂತೆ ಏರುವ ಮೊತ್ತ ಎಂಟು ವರ್ಷ ತುಂಬುವುದರೊಳಗೆ ಇಮ್ಮಡಿಯಾಗುತ್ತದೆ. ಅರವತ್ತಕ್ಕೆ ನಿವೃತ್ತರಾದವರು ಅರವತ್ತೆಂಟಕ್ಕೆ, ಆಸ್ಪತ್ರೆಯ ಓಡಾಟ ಶುರುವಾಗುವ ವಯಸ್ಸಿಗೆ, ಎರಡರಷ್ಟು ಕಟ್ಟಬೇಕು. ತೆರಿಗೆ ವಿನಾಯಿತಿಯ ಲಾಭವಂತೂ ಇಂಥ ಎರಡು ನವೀಕರಣಗಳಲ್ಲೇ ಕರಗಿಹೋಗುತ್ತದೆ.

ಕಂಪನಿಗಳ ದುರಾಸೆಯೇ ಇದಕ್ಕೆ ಕಾರಣ ಎನ್ನುವುದು ಅರ್ಧ ಸತ್ಯ. ಆರೋಗ್ಯ ವಿಮೆಯನ್ನಷ್ಟೇ ಮಾರುವ ಕಂಪನಿಗಳು ಸಂಗ್ರಹಿಸುವ 100 ರೂಪಾಯಿಯಲ್ಲಿ ಕ್ಲೇಮುಗಳಿಗೆ ಹೋಗುವುದು ಸುಮಾರು 65 ಮಾತ್ರ. ಉಳಿದದ್ದು ಏಜೆಂಟರ ಕಮಿಷನ್, ಜಾಹೀರಾತು, ಆಡಳಿತ ಮತ್ತು ಲಾಭಕ್ಕೆ. ಅದನ್ನು ಪ್ರಶ್ನಿಸಲೇಬೇಕು. ಆದರೆ ಸಾರ್ವಜನಿಕ ವಲಯದ ವಿಮಾ ಕಂಪನಿಗಳು ಬಂದ ಕಂತಿಗಿಂತ ಹೆಚ್ಚಿನದನ್ನು ಕ್ಲೇಮಿಗೆ ಕೊಟ್ಟ ವರ್ಷಗಳೂ ಇವೆ. ಅವುಗಳ ಕಂತೂ ಏರುತ್ತಲೇ ಇದೆ. ಅಂದಮೇಲೆ ಏರಿಕೆಯ ಮೂಲ ಬಿಲ್ಲಿನಲ್ಲಿದೆ. ಖಾಸಗಿ ಆಸ್ಪತ್ರೆಗಳಲ್ಲಿ ಒಂದೇ ಶಸ್ತ್ರಚಿಕಿತ್ಸೆಗೆ, ಒಬ್ಬರೇ ವೈದ್ಯರಿಗೆ, ರೋಗಿ ಮಲಗಿದ ಕೊಠಡಿ ಯಾವುದು ಎಂಬುದರ ಮೇಲೆ ಶುಲ್ಕ ಬದಲಾಗುತ್ತದೆ. ಜನರಲ್ ವಾರ್ಡಿನವರ ಅಪೆಂಡಿಕ್ಸ್ ಬೇರೆ, ಡೀಲಕ್ಸ್ ಕೊಠಡಿಯವರ ಅಪೆಂಡಿಕ್ಸ್ ಬೇರೆ ಎಂಬಂತಿದೆ ಲೆಕ್ಕ. ವಿಮೆ ಇಲ್ಲಿ ಮಾಡುವುದು ಹಣ ಕೂಡಿಸಿ ಬಿಲ್ಲು ಕಟ್ಟುವ ಕೆಲಸವನ್ನಷ್ಟೇ. ಬಿಲ್ಲು ಎಷ್ಟಿರಬೇಕೆಂದು ಹೇಳುವ ಬಲ ಬಿಡಿಬಿಡಿಯಾಗಿ ಮಾತುಕತೆ ನಡೆಸುವ ಕಂಪನಿಗಳಿಗಿಲ್ಲ. ಮುಂದಿನ ವರ್ಷ ಗ್ರಾಹಕರಿಂದಲೇ ವಸೂಲಿ ಮಾಡಬಹುದಾದ್ದರಿಂದ ಅದಕ್ಕಾಗಿ ಹಟ ಹಿಡಿಯಬೇಕಾದ ಜರೂರೂ ಇಲ್ಲ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿಮೆ ಕೇಂದ್ರ ಪಟ್ಟಿಯ 47ನೇ ವಿಷಯ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯ 6ನೇ ವಿಷಯ. ಕಂತನ್ನು ಮುಟ್ಟುವ ಅಧಿಕಾರ ಬೆಂಗಳೂರಿಗಿಲ್ಲ, ಆದರೆ ಕಂತನ್ನು ಮೇಲಕ್ಕೆ ತಳ್ಳುವ ದರವನ್ನು ಮುಟ್ಟುವ ಅಧಿಕಾರ ಇರುವುದು ಬೆಂಗಳೂರಿಗೇ. ಈ ಅಧಿಕಾರವನ್ನು ರಾಜ್ಯ ಒಮ್ಮೆ ಚಲಾಯಿಸಿಯೂ ತೋರಿಸಿದೆ. 2020ರ ಜೂನ್‌ನಲ್ಲಿ ಕೋವಿಡ್ ಚಿಕಿತ್ಸೆಗೆ ದರ ಗೊತ್ತುಪಡಿಸಿದಾಗ, ಸರ್ಕಾರ ಕಳಿಸಿದ ರೋಗಿಗೆ ಜನರಲ್ ವಾರ್ಡಿನಲ್ಲಿ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಸಹಿತ ಐಸಿಯುಗೆ 10,000 ರೂಪಾಯಿ ಎಂದಾಯಿತು. ತಾವಾಗಿಯೇ ಬಂದು ದಾಖಲಾದವರಿಗೆ ಕ್ರಮವಾಗಿ 10,000 ಮತ್ತು 25,000. ವೈರಸ್ಸೂ ಒಂದೇ, ಆಮ್ಲಜನಕವೂ ಒಂದೇ. ಸರ್ಕಾರ ಕಟ್ಟಿದರೆ ಒಂದು ದರ, ರೋಗಿ ತಾನೇ ಕಟ್ಟಿದರೆ ಸುಮಾರು ಎರಡರಿಂದ ಎರಡೂವರೆ ಪಟ್ಟು. ಸಾವಿನ ಭಯದ ನಡುವೆ ಆ ಆದೇಶದ ಈ ಮಗ್ಗುಲು ಚರ್ಚೆಗೇ ಬರಲಿಲ್ಲ. ದೊಡ್ಡ ಖರೀದಿದಾರ ಕೂತು ಮಾತಾಡಿದರೆ ದರ ಎಷ್ಟು ಇಳಿಯಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ನಮ್ಮಲ್ಲಿಲ್ಲ. ಅದಕ್ಕೂ ಮೂರು ವರ್ಷ ಹಿಂದೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ಎಲ್ಲ ರೋಗಿಗಳಿಗೂ ದರ ನಿಗದಿ ಮಾಡಲು ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಹೊರಟಿದ್ದರು. 2017ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಕೊನೆಗೆ ಅಂಗೀಕಾರವಾದ ಮಸೂದೆಯಲ್ಲಿ ದರ ನಿಗದಿ ಸರ್ಕಾರಿ ಯೋಜನೆಗಳ ರೋಗಿಗಳಿಗೆ ಸೀಮಿತವಾಯಿತು. ಅಂದು ಹೊರಗುಳಿದವರೇ ಇಂದು ಕಂತು ಕಟ್ಟಲಾರದೆ ಒದ್ದಾಡುತ್ತಿರುವವರು.

ಎಲ್ಲರನ್ನೂ ಒಂದೇ ದರಪಟ್ಟಿಯೊಳಗೆ ತರುವುದು ಕನಸಿನ ಮಾತೇನಲ್ಲ. ಕರ್ನಾಟಕ ಆ ದಾರಿಯಲ್ಲಿ ಮುಕ್ಕಾಲು ಪಾಲು ನಡೆದಾಗಿದೆ. 2003ರಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಶುರುವಾದ ಯಶಸ್ವಿನಿಯಲ್ಲಿ ತಲೆಗೆ ವರ್ಷಕ್ಕೆ 60 ರೂಪಾಯಿ ವಂತಿಗೆ ಇತ್ತು. ಅಷ್ಟು ಅಗ್ಗವಾಗಿ ಹೃದಯ ಶಸ್ತ್ರಚಿಕಿತ್ಸೆಯವರೆಗೂ ನಿಭಾಯಿಸಲು ಸಾಧ್ಯವಾದದ್ದು ಸರ್ಕಾರದ ನೆರವಿನಿಂದ ಮಾತ್ರವಲ್ಲ. ಲಕ್ಷಾಂತರ ಸದಸ್ಯರ ಪರವಾಗಿ ಒಂದೇ ಟ್ರಸ್ಟ್ ಕೂತು ಆಸ್ಪತ್ರೆಗಳೊಂದಿಗೆ ಪ್ರತಿ ಶಸ್ತ್ರಚಿಕಿತ್ಸೆಗೂ ಮುಂಚಿತವಾಗಿ ದರ ಕುದುರಿಸಿದ್ದರಿಂದ. 2010ರಲ್ಲಿ ಕಲಬುರಗಿ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಬಡವರಿಂದ ಕಂತನ್ನೇ ಕೇಳಲಿಲ್ಲ. ಯೋಜನೆ ಉತ್ತರದ ಜಿಲ್ಲೆಗಳಿಗೆ ಬಂದು ದಕ್ಷಿಣಕ್ಕೆ ಇನ್ನೂ ತಲುಪದಿದ್ದ ಅವಧಿಯಲ್ಲಿ, ಗಡಿರೇಖೆಯ ಆಚೀಚೆಯ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ, ಯೋಜನೆ ಒಳಗೊಂಡ ಕಾಯಿಲೆಗಳಿಂದ ಆಗುವ ಸಾವು ಶೇ 64ರಷ್ಟು ಕಡಿಮೆ ಇತ್ತು. ನಮ್ಮ ರಾಜಕೀಯ ಚರ್ಚೆಯಲ್ಲಿ ಈ ಅಂಕಿ ಕೇಳಿಬರುವುದೇ ಇಲ್ಲ. ಸರ್ಕಾರದ ಯಾವುದೇ ಯೋಜನೆಗೆ ಇಷ್ಟು ಗಟ್ಟಿ ಪುರಾವೆ ಸಿಕ್ಕಿರುವುದು ಅಪರೂಪ.

2018ರ ಮಾರ್ಚ್‌ನಲ್ಲಿ ಇವೆಲ್ಲವನ್ನೂ ಸೇರಿಸಿ ಆರೋಗ್ಯ ಕರ್ನಾಟಕ ಬಂತು, ಅದೇ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಕೂಡಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಎಂಬುದು ಎಲ್ಲರಿಗೂ ಗೊತ್ತು. ಎಪಿಎಲ್ ಕುಟುಂಬಕ್ಕೂ ಅದರಲ್ಲಿ ಪಾಲಿದೆ ಎಂಬುದು ಅನೇಕ ಎಪಿಎಲ್ ಕುಟುಂಬಗಳಿಗೇ ಗೊತ್ತಿಲ್ಲ: ಚಿಕಿತ್ಸೆಗೆ ಮೊದಲೇ ಗೊತ್ತುಪಡಿಸಿದ ಪ್ಯಾಕೇಜ್ ದರದ ಶೇ 30ನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಉಳಿದ ಶೇ 70 ರೋಗಿಯ ಪಾಲು. ಮೂವತ್ತು ಪೈಸೆಯ ಸಹಾಯ ಎಂದು ಮೂಗು ಮುರಿಯುವವರು ಅಸಲಿ ಅಂಶವನ್ನು ಗಮನಿಸಿಲ್ಲ. ಇಲ್ಲಿ ಮುಖ್ಯವಾದದ್ದು ಆ ಶೇ 30 ಅಲ್ಲ. ಉಳಿದ ಶೇ 70ನ್ನೂ ಆಸ್ಪತ್ರೆಯ ಸ್ವಂತ ದರದಲ್ಲಲ್ಲ, ಸರ್ಕಾರದ ಪ್ಯಾಕೇಜ್ ದರದಲ್ಲಿ ಲೆಕ್ಕ ಹಾಕಬೇಕು ಎಂಬುದು. 2017ರಲ್ಲಿ ಕಾನೂನಿನ ಮುಂಬಾಗಿಲಿನಿಂದ ಒಳಗೆ ಬಿಡದ ದರ ನಿಗದಿ, ಮರುವರ್ಷ ಯೋಜನೆಯ ಹಿತ್ತಿಲ ಬಾಗಿಲಿನಿಂದ ಎಪಿಎಲ್ ಕುಟುಂಬಗಳಿಗೂ ಸಿಕ್ಕಿಬಿಟ್ಟಿದೆ. ಅದನ್ನು ಬಳಸಿಕೊಂಡಿಲ್ಲ, ಅಷ್ಟೆ.

ಈ ಲೇಖನದ ವಾದ ಇಷ್ಟೆ: ರೋಗಿಯ ಪಾಲಿನ ಆ ಶೇ 70ಕ್ಕೆ ಎಪಿಎಲ್ ಕುಟುಂಬಗಳು ವರ್ಷಕ್ಕೊಮ್ಮೆ ವಂತಿಗೆ ಕಟ್ಟಿ, ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನಲ್ಲೇ ಸದಸ್ಯರಾಗುವಂತಾಗಲಿ. ಹಾಗಾದರೆ ಹೊಸ ಸಂಸ್ಥೆ ಬೇಡ, ಹೊಸ ದರಪಟ್ಟಿ ಬೇಡ. ಈಗ ರಾಜ್ಯ ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. 2018ರಲ್ಲಿ ವಿಲೀನವಾದ ಯಶಸ್ವಿನಿಯನ್ನು ರೈತರ ಒತ್ತಾಯದ ಮೇಲೆ 2022ರಲ್ಲಿ ಮತ್ತೆ ಬೇರ್ಪಡಿಸಲಾಯಿತು. ಪೊಲೀಸರಿಗೆ ಆರೋಗ್ಯ ಭಾಗ್ಯ, ಸರ್ಕಾರಿ ನೌಕರರಿಗೆ ಕರ್ನಾಟಕ ಆರೋಗ್ಯ ಸಂಜೀವಿನಿ ಎಂದು ಪ್ರತ್ಯೇಕ ಪಂಕ್ತಿಗಳಿವೆ. ಒಬ್ಬ ದೊಡ್ಡ ಖರೀದಿದಾರ ತನ್ನನ್ನು ತಾನೇ ನಾಲ್ಕಾರು ಸಣ್ಣ ಖರೀದಿದಾರರಾಗಿ ಒಡೆದುಕೊಂಡು ಒಂದೇ ಆಸ್ಪತ್ರೆಯ ಮುಂದೆ ನಾಲ್ಕಾರು ಸಲ ನಿಲ್ಲುತ್ತಿದ್ದಾನೆ. ಅದರಲ್ಲೂ ಬಡವರ ಯೋಜನೆಯ ಕಡತಕ್ಕೆ ಸಹಿ ಹಾಕುವ ಅಧಿಕಾರಿ ತಾನು ಬೇರೆ ಯೋಜನೆಯಲ್ಲಿ ಚಿಕಿತ್ಸೆ ಪಡೆಯುವ ವ್ಯವಸ್ಥೆಯಲ್ಲಿ, ಬಡವರ ಯೋಜನೆಯ ಬಾಕಿ ಬಿಲ್ಲು ಬೇಗ ಚುಕ್ತಾ ಆಗಬೇಕೆಂಬ ಆತುರ ಯಾರಿಗೂ ಇರುವುದಿಲ್ಲ.

ವಂತಿಗೆ ಏಕೆ, ತೆರಿಗೆಯಿಂದಲೇ ಎಲ್ಲರಿಗೂ ಉಚಿತ ಕೊಡಬಾರದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ತಾತ್ವಿಕವಾಗಿ ಅದೇ ಸರಿಯಾದ ಮಾದರಿ. ಆದರೆ ಒಕ್ಕೂಟದೊಳಗಿನ ಒಂದು ರಾಜ್ಯದ ಕೈಯಲ್ಲಿ ಎಷ್ಟು ತೆರಿಗೆ ಇದೆ ಎಂಬುದು ತತ್ವದ ವಿಷಯವಲ್ಲ. ಕೃಷಿಯೇತರ ಆದಾಯದ ಮೇಲೆ ರಾಜ್ಯ ತೆರಿಗೆ ಹಾಕುವಂತಿಲ್ಲ. ವೃತ್ತಿ ತೆರಿಗೆಗೆ ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500 ರೂಪಾಯಿಯ ಗೆರೆ ಎಳೆದಿದೆ. ಜಿಎಸ್‌ಟಿ ಬಂದ ಮೇಲೆ ಸ್ವಂತವಾಗಿ ಏರಿಸಬಹುದಾದ ತೆರಿಗೆಗಳು ಬೆರಳೆಣಿಕೆಯಷ್ಟು. ಆದಾಯ ತೆರಿಗೆ ಹಾಕುವ ಅಧಿಕಾರವಿದ್ದ ಅಮೆರಿಕದ ವರ್ಮಾಂಟ್ ರಾಜ್ಯವೇ ಇದರಲ್ಲಿ ಎಡವಿತು. 2011ರಲ್ಲಿ ಖಾಸಗಿ ವಿಮೆಯ ಬದಲು ಸರ್ಕಾರವೇ ಎಲ್ಲರ ಚಿಕಿತ್ಸೆಗೆ ಹಣ ಕಟ್ಟುವ ಕಾನೂನು ಮಾಡಿದ ಆ ಪುಟ್ಟ ರಾಜ್ಯ, 2014ರ ಡಿಸೆಂಬರ್‌ನಲ್ಲಿ ಲೆಕ್ಕ ಕೈಗೆ ಬಂದಾಗ ಕೈಚೆಲ್ಲಿತು. ಉದ್ಯೋಗದಾತರಿಂದ ಸಂಬಳದ ಮೊತ್ತದ ಮೇಲೆ ಶೇ 11.5, ಕುಟುಂಬಗಳಿಂದ ಆದಾಯದ ಶೇ 9.5ರವರೆಗೆ ತೆರಿಗೆ ಬೇಕಿತ್ತು. ಜನ ಕಂತಿನ ರೂಪದಲ್ಲಿ ಹೇಗೂ ಕಟ್ಟುತ್ತಿದ್ದ ಹಣವೇ ಅದರಲ್ಲಿ ಬಹುಪಾಲು. ಆದರೂ ತೆರಿಗೆ ಎಂಬ ಹಣೆಪಟ್ಟಿ ಹಚ್ಚಿದೊಡನೆ ಗವರ್ನರ್ ಪೀಟರ್ ಶುಮ್ಲಿನ್ ಅವರಿಗೆ ಅದನ್ನು ಹೊರಲು ಆಗಲಿಲ್ಲ. ಅದೇ ದೇಶದ ಮೇರಿಲ್ಯಾಂಡ್ ಬೇರೆ ದಾರಿ ಹಿಡಿದಿತ್ತು. ಹಣ ಕಟ್ಟುವವರು ಯಾರಾದರೂ ಇರಲಿ, ಆಸ್ಪತ್ರೆಯ ದರವನ್ನು ರಾಜ್ಯದ ಆಯೋಗವೇ ಎಲ್ಲರಿಗೂ ನಿಗದಿ ಮಾಡುವ ಪದ್ಧತಿ ಅಲ್ಲಿ 1970ರ ದಶಕದಿಂದ ಬೇರೂರಿದೆ. 1976ರಲ್ಲಿ ದೇಶದ ಸರಾಸರಿಗಿಂತ ಶೇ 26ರಷ್ಟು ಹೆಚ್ಚಿದ್ದ ಅಲ್ಲಿನ ಒಳರೋಗಿ ವೆಚ್ಚ ಮೂರು ದಶಕಗಳಲ್ಲಿ ಸರಾಸರಿಗಿಂತ ತುಸು ಕೆಳಗೇ ಬಂತು. ದರ ಕಟ್ಟಿಹಾಕಿದರೆ ಆಸ್ಪತ್ರೆಗಳು ದಾಖಲಾತಿ ಹೆಚ್ಚಿಸುತ್ತವೆ ಎಂಬ ಆಕ್ಷೇಪ ಅಲ್ಲೂ ನಿಜವಾಯಿತು. ಅದಕ್ಕಾಗಿ 2014ರಿಂದ ಪ್ರತಿ ಆಸ್ಪತ್ರೆಗೂ ವರ್ಷದ ಒಟ್ಟು ಆದಾಯಕ್ಕೇ ಮಿತಿ ಹಾಕಲಾಯಿತು. ಹಣ ಕಟ್ಟುವವರನ್ನು ಬದಲಿಸಹೊರಟ ರಾಜ್ಯ ಸೋತಿತು, ದರ ಹಿಡಿದ ರಾಜ್ಯ ಉಳಿಯಿತು.

ವಂತಿಗೆ ಐಚ್ಛಿಕವಾದರೆ ಕಾಯಿಲೆ ಇದ್ದವರಷ್ಟೇ ಸೇರುತ್ತಾರೆ, ಟ್ರಸ್ಟು ಬರಿದಾಗುತ್ತದೆ ಎಂದು ವಿಮಾ ತಜ್ಞರು ಎಚ್ಚರಿಸುತ್ತಾರೆ. ಈ ಎಚ್ಚರಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ರಾಜಸ್ಥಾನದ ಚಿರಂಜೀವಿ ಯೋಜನೆ 2021ರಲ್ಲಿ ಉಚಿತ ವರ್ಗದ ಹೊರಗಿನ ಕುಟುಂಬಗಳಿಂದ ವರ್ಷಕ್ಕೆ 850 ರೂಪಾಯಿ ಕೇಳಿತು, ಉಳಿದದ್ದನ್ನು ಸರ್ಕಾರ ಹಾಕಿತು. ಮಿತಿಯನ್ನು 5 ಲಕ್ಷದಿಂದ 10ಕ್ಕೆ, 2023ರ ಚುನಾವಣೆಯ ವರ್ಷ 25 ಲಕ್ಷಕ್ಕೆ ಏರಿಸಿತು. ಮಿತಿ ಏರಿಸುವುದು ಭಾಷಣಕ್ಕೆ ಚೆನ್ನ. 25 ಲಕ್ಷ ಮುಟ್ಟುವ ಕುಟುಂಬಗಳು ತೀರಾ ವಿರಳ. ಕಂತು ಎಷ್ಟು ಜನರಲ್ಲಿ ಹಂಚಿಹೋಗುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಯಶಸ್ವಿನಿ ಇದಕ್ಕೆ ಉತ್ತರ ಕಂಡುಕೊಂಡದ್ದು ಸಹಕಾರ ಸಂಘದ ಮೂಲಕ ಗುಂಪಾಗಿ ನೋಂದಾಯಿಸಿ. ಎಪಿಎಲ್ ಕುಟುಂಬಗಳನ್ನೂ ಸಹಕಾರ ಬ್ಯಾಂಕು, ವರ್ತಕರ ಸಂಘ, ಸಣ್ಣ ಉದ್ದಿಮೆ, ಶಾಲೆಯ ನೌಕರ ವರ್ಗ ಹೀಗೆ ಗುಂಪಾಗಿಯೇ ಸೇರಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯಬೇಕು. ವಂತಿಗೆ ರಾಜಸ್ಥಾನದ್ದಕ್ಕಿಂತ ಹಲವು ಪಟ್ಟು ಹೆಚ್ಚಾದರೂ ಇಂದು ಹಿರಿಯ ದಂಪತಿ ಮಾರುಕಟ್ಟೆಯಲ್ಲಿ ಕಟ್ಟುವ ಕಂತಿನ ಹತ್ತಿರಕ್ಕೂ ಬರುವುದಿಲ್ಲ.

ಆಸ್ಪತ್ರೆಗಳ ಅಳಲಿನಲ್ಲಿ ಹುರುಳಿದೆ. ಪ್ಯಾಕೇಜ್ ದರಗಳು ವೆಚ್ಚದ ಅಧ್ಯಯನದ ಮೇಲೆ ನಿಂತಿಲ್ಲ, ಹಣ ಸಮಯಕ್ಕೆ ಬರುವುದಿಲ್ಲ ಎನ್ನುತ್ತವೆ ಅವು. 2025ರ ಆಗಸ್ಟ್‌ನಲ್ಲಿ ಹರಿಯಾಣದ ಖಾಸಗಿ ಆಸ್ಪತ್ರೆಗಳು ಬಾಕಿ ಬರಲಿಲ್ಲವೆಂದು ಆಯುಷ್ಮಾನ್ ಚಿಕಿತ್ಸೆಯನ್ನೇ ನಿಲ್ಲಿಸಿದವು. ಕಡಿಮೆ ದರದ ನಷ್ಟವನ್ನು ವಿಮೆಯ ಮತ್ತು ನಗದು ರೋಗಿಗಳಿಂದ ತುಂಬಿಕೊಳ್ಳುತ್ತೇವೆ ಎಂದು ಆಸ್ಪತ್ರೆಗಳು ಹೇಳುವುದುಂಟು. ಹಾಗಾದರೆ ಬಡವರ ಚಿಕಿತ್ಸೆಗೆ ಸರ್ಕಾರ ಕೊಡದೆ ಉಳಿಸಿದ ಹಣ ಮಧ್ಯಮ ವರ್ಗದ ವಿಮೆ ಕಂತಿನಲ್ಲಿ ಸದ್ದಿಲ್ಲದೆ ವಸೂಲಾಗುತ್ತಿದೆ. ಯಾವ ಶಾಸನಸಭೆಯೂ ಒಪ್ಪಿಗೆ ಕೊಡದ ತೆರಿಗೆ ಅದು. ಎಲ್ಲರಿಗೂ ಒಂದೇ ದರ ಎಂದಾದರೆ ಆ ದರವನ್ನು ಈಗಿನದಕ್ಕಿಂತ ಏರಿಸಲೇಬೇಕಾಗುತ್ತದೆ. ಖಜಾನೆಗೆ ಅದು ಹೊರೆಯೇ. ಆ ಹೊರೆ ಬಜೆಟ್ಟಿನಲ್ಲಿ ಕಾಣುವಂತಿರುವುದು ಬಿಲ್ಲಿನಲ್ಲಿ ಅಡಗಿರುವುದಕ್ಕಿಂತ ಮೇಲು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಜನಾರೋಗ್ಯ ಚಳವಳಿಯ ಕಡೆಯಿಂದ ಬರುತ್ತದೆ: ಟ್ರಸ್ಟಿನ ಹಣ ಖಾಸಗಿ ಆಸ್ಪತ್ರೆಗಳನ್ನು ಪೋಷಿಸಿ ಸರ್ಕಾರಿ ಆಸ್ಪತ್ರೆಗಳನ್ನು ಸೊರಗಿಸುತ್ತದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಹೆರಿಗೆ ಹೊರತುಪಡಿಸಿ ಒಂದು ಸಲ ಒಳರೋಗಿಯಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕುಟುಂಬಕ್ಕೆ ಸರಾಸರಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ ಖರ್ಚು. ಸರ್ಕಾರಿ ಹಾಸಿಗೆಯಷ್ಟು ಅಗ್ಗದ ವಿಮೆ ಇನ್ನೊಂದಿಲ್ಲ. ಜೊತೆಗೆ ಮನೆಯ ಖರ್ಚಿನ ದೊಡ್ಡ ಪಾಲು ಹೊರರೋಗಿ ಚಿಕಿತ್ಸೆ ಮತ್ತು ಔಷಧಿಗೆ ಹೋಗುತ್ತದೆ. ಅದನ್ನು ಈ ಯೋಜನೆಗಳು ಮುಟ್ಟುವುದೇ ಇಲ್ಲ. ಇಲ್ಲಿ ತಮಿಳುನಾಡು ನಮಗಿಂತ ಬಹಳ ಮುಂದಿದೆ: 1994ರಲ್ಲಿ ಕಟ್ಟಿದ ವೈದ್ಯಕೀಯ ಸೇವಾ ನಿಗಮದ ಮೂಲಕ ಔಷಧಿಯನ್ನು ಸಗಟಾಗಿ ಕೊಂಡು, ಪರೀಕ್ಷಿಸಿ ಹಂಚುತ್ತಿದೆ. ನಮ್ಮಲ್ಲಿ 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ನಂತರವೇ ರಾಜ್ಯದ ವೈದ್ಯಕೀಯ ಸರಬರಾಜು ನಿಗಮ ಪೂರೈಸಿದ ಐವಿ ದ್ರಾವಣದ ಗುಣಮಟ್ಟದ ಪ್ರಶ್ನೆ ಬೀದಿಗೆ ಬಂದದ್ದು. ಆದರೆ ಟ್ರಸ್ಟಿನ ಹಣ ಸರ್ಕಾರಿ ಆಸ್ಪತ್ರೆಗೂ ಸಂದಾಯವಾಗುತ್ತದೆ ಎಂಬುದನ್ನು ಮರೆಯಬಾರದು. ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ್ದೇ ಸ್ವಾಯತ್ತ ಸಂಸ್ಥೆ. ಹಣ ಕಟ್ಟುವವರು, ಯೋಜನೆಯವರು ಇಬ್ಬರೂ ಅಲ್ಲಿಗೆ ಹೋಗುತ್ತಾರೆ, ಅದರ ದರವೇ ಸುತ್ತಲಿನ ಖಾಸಗಿ ಹೃದ್ರೋಗ ಆಸ್ಪತ್ರೆಗಳಿಗೆ ಲಗಾಮು. ಇಂಥವು ಮೂಳೆ, ಮೂತ್ರಪಿಂಡ, ಕ್ಯಾನ್ಸರ್ ಚಿಕಿತ್ಸೆಗೆ ಪ್ರತಿ ವಿಭಾಗದಲ್ಲೂ ಇಲ್ಲದೆ ಬರೀ ದರಪಟ್ಟಿ ಅಚ್ಚು ಹಾಕಿಸಿದರೆ ಖಾಸಗಿಯವರು ಅದನ್ನು ಪಕ್ಕಕ್ಕೆ ಸರಿಸುತ್ತಾರೆ.

ಕೊನೆಗೆ ಉಳಿಯುವ ತೊಡಕು ಮಧ್ಯಮ ವರ್ಗದ್ದೇ. ಆರೋಗ್ಯ ಕರ್ನಾಟಕದಲ್ಲಿ, ತುರ್ತು ಸಂದರ್ಭ ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಮಾತ್ರ ರೆಫರಲ್ ಚೀಟಿ ಪಡೆದು ಖಾಸಗಿಗೆ ಹೋಗಬೇಕು. ವಂತಿಗೆ ಕಟ್ಟಿದವರು ಈ ಸಾಲಿನಲ್ಲಿ ನಿಲ್ಲುವರೇ ಎಂದು ಕೇಳುವವರಿದ್ದಾರೆ. ನಿಲ್ಲಬೇಕು ಎನ್ನುವುದೇ ಉತ್ತರ, ಏಕೆಂದರೆ ಅನಗತ್ಯ ಶಸ್ತ್ರಚಿಕಿತ್ಸೆ ಮತ್ತು ಅನಗತ್ಯ ದಾಖಲಾತಿಯನ್ನು ತಡೆಯುವ ಜರಡಿ ಈ ಚೀಟಿಯೊಂದೇ. ಅದನ್ನು ತೆಗೆದರೆ ವಂತಿಗೆಯೂ ಕೆಲವೇ ವರ್ಷಗಳಲ್ಲಿ ಈಗಿನ ಕಂತಿನ ಹಾದಿ ಹಿಡಿಯುತ್ತದೆ. ಸಾಲಿನಲ್ಲಿ ನಿಲ್ಲಲು ಒಪ್ಪದವರಿಗೆ ಖಾಸಗಿ ಪಾಲಿಸಿಯನ್ನು ಉಳಿಸಿಕೊಳ್ಳುವ ಸ್ವಾತಂತ್ರ್ಯ ಇದ್ದೇ ಇದೆ. ಆದರೆ ಅವರಿಗಾಗಿ ರೆಫರಲ್ ಇಲ್ಲದ ಪ್ರತ್ಯೇಕ ಯೋಜನೆಯೊಂದನ್ನು ಸರ್ಕಾರ ಮಾಡಕೂಡದು. ನೌಕರರಿಗೆ, ಪೊಲೀಸರಿಗೆ ಕೊಟ್ಟ ಪ್ರತ್ಯೇಕ ಯೋಜನೆಗಳನ್ನೂ ಇದೇ ದರಪಟ್ಟಿಗೆ, ಇದೇ ಟ್ರಸ್ಟಿಗೆ ತರಬೇಕು. ರಾಜಕೀಯವಾಗಿ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ ಆಗಿರುವುದರಿಂದ, ಅದನ್ನೇ ಮೊದಲು ಮಾಡಬೇಕಾದೀತು.