ನಮ್ಮ ಅನಂತರ ಇವರಿಗೆ ಯಾರು?

ಉದ್ಯೋಗದ ನಿಮಿತ್ತ ಊರು ಬಿಟ್ಟು ನಾಗಪುರಕ್ಕೆ ಬಂದು, ರೈಲ್ವೆ, ಅಂಚೆ, ಬ್ಯಾಂಕು, ಆಯುಧ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಕನ್ನಡಿಗರು ಇಲ್ಲಿಯೇ ಮನೆ ಮಾಡಿ ನೆಲೆಸಿದ್ದಾರೆ. ಅವರಲ್ಲಿ ಬುದ್ಧಿಮಾಂದ್ಯವೋ ಅಂಗವೈಕಲ್ಯವೋ ಉಳ್ಳ ಮಗನನ್ನೋ ಮಗಳನ್ನೋ ಮೂವತ್ತು ನಲವತ್ತು ವರುಷ ಕಣ್ಣರೆಪ್ಪೆಯಂತೆ ಕಾಪಾಡಿಕೊಂಡು ಬಂದ ತಂದೆತಾಯಂದಿರೂ ಉಂಟು. ತಾವು ಹೋದ ಮೇಲೆ ಇವರ ಗತಿಯೇನೆಂಬ ಚಿಂತೆ ಅವರನ್ನು ಹಗಲಿರುಳೂ ಕಾಡುತ್ತದೆ. ಆರೋಗ್ಯ ಲೇಖನಗಳ ನಡುವೆ ಆಸ್ತಿಪಾಸ್ತಿಯ ಮಾತೇಕೆ ಎಂದು ವಾಚಕರು ಕೇಳಬಹುದು. ಇಂಥ ಮನೆಗಳಲ್ಲಿ ಕಾಗದಪತ್ರ ನೆಟ್ಟಗಿಲ್ಲದಿದ್ದರೆ ಔಷಧವೂ ಹೊತ್ತಿಗೆ ದೊರೆಯದು ಎಂಬುದೇ ನನ್ನ ಉತ್ತರ.

ಹಿಂದೆ ವಿಕಲಾಂಗರಿಗೆ ಪಿತ್ರಾರ್ಜಿತದಲ್ಲಿ ಪಾಲೇ ಇರಲಿಲ್ಲ. ಈ ವಿಷಯದಲ್ಲಿ ಶತಮಾನಗಳ ಕಾಲ ಪ್ರಮಾಣವೆನಿಸಿದ ಮಿತಾಕ್ಷರವನ್ನು ವಿಜ್ಞಾನೇಶ್ವರನು ಬರೆದುದು ನಮ್ಮ ಕಲ್ಯಾಣದಲ್ಲಿಯೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಕುರುಡ, ಕುಂಟ, ಹುಚ್ಚ, ಜಡ ಮೊದಲಾದವರಿಗೆ ದಾಯದಲ್ಲಿ ಭಾಗವಿಲ್ಲ, ಆದರೆ ಅನ್ನವಸ್ತ್ರವಿತ್ತು ಪೋಷಿಸತಕ್ಕದ್ದು ಎಂಬುದು ಆ ಧರ್ಮಶಾಸ್ತ್ರದ ಕಟ್ಟಳೆ. 1928ರ ಒಂದು ಕಾಯಿದೆ ಈ ನಿಷೇಧವನ್ನು ಬಹುಮಟ್ಟಿಗೆ ತೆಗೆದುಹಾಕಿತಾದರೂ ಹುಟ್ಟಿನಿಂದ ಬುದ್ಧಿವಿಕಲರಾದವರನ್ನು ಹೊರಗೇ ಇರಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮು ಮಾತ್ರ, ರೋಗ, ನ್ಯೂನತೆ, ಅಂಗವಿಕಾರಗಳ ಕಾರಣದಿಂದ ಯಾರ ವಾರಸು ಹಕ್ಕೂ ತಪ್ಪದೆಂದು ಸ್ಪಷ್ಟವಾಗಿ ಸಾರಿತು.

ಕಾಯಿದೆ ಬದಲಾಯಿತು, ಮನೆಯ ರೂಢಿ ಬದಲಾಗಿಲ್ಲ. "ಇವನಿಗೆ ಆಸ್ತಿ ಏತಕ್ಕೆ? ದೊಡ್ಡವನ ಹೆಸರಿಗೆ ಬರೆದರಾಯಿತು, ಅವನೇ ನೋಡಿಕೊಳ್ಳುತ್ತಾನೆ" ಎಂಬ ಮಾತನ್ನು ಬ್ಯಾಂಕಿನ ಮೇಜಿನಾಚೆಯಿಂದ ನಾನು ಎಷ್ಟೋ ಸಲ ಕೇಳಿದ್ದೇನೆ. ದೊಡ್ಡವನು ಸಜ್ಜನನೇ ಇರಬಹುದು. ಆದರೆ ಅವನಿಗೂ ಸಾಲವುಂಟು, ಸಾವುಂಟು. ಅವನ ಹೆಸರಿಗೆ ಬಂದ ಮನೆಯ ಮೇಲೆ ಅವನಿಗೆ ಸಾಲ ಕೊಟ್ಟವರಿಗೂ ಅವನ ಹೆಂಡತಿ ಮಕ್ಕಳಿಗೂ ಹಕ್ಕು ಬರುವುದಲ್ಲದೆ ತಮ್ಮನಿಗಲ್ಲ. ಠೇವಣಿಗೆ ನಾಮಿನಿಯ ಹೆಸರು ಬರೆಸಿದರೆ ಸಾಕೆಂಬುದೂ ಇಂಥದೇ ಭ್ರಮೆ. 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದಾಗಿದೆ, ನಿಜ. ಆದರೆ ನಾಮಿನಿಯು ಹಣವನ್ನು ಪಡೆದುಕೊಳ್ಳುವವನೇ ಹೊರತು ಅದರ ಒಡೆಯನಲ್ಲವೆಂದು ಸುಪ್ರೀಂ ಕೋರ್ಟು 1983ರಲ್ಲಿ ಜೀವವಿಮೆಯ ವಿಷಯದಲ್ಲಿಯೂ 2010ರಲ್ಲಿ ಬ್ಯಾಂಕ್ ಠೇವಣಿಯ ವಿಷಯದಲ್ಲಿಯೂ ಹೇಳಿದೆ. ಆದುದರಿಂದ ಇಬ್ಬರು ಸಾಕ್ಷಿಗಳ ರುಜುವುಳ್ಳ ಮೃತ್ಯುಪತ್ರ ಬೇಕೇ ಬೇಕು. ಊರಿನ ಹೊಲ ಕರ್ನಾಟಕದಲ್ಲಿ, ಫ್ಲಾಟು ನಾಗಪುರದಲ್ಲಿ ಎಂಬಂಥ ನಮ್ಮವರು ಎರಡನ್ನೂ ಅದರಲ್ಲಿ ಮರೆಯದೆ ಕಾಣಿಸಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸುವುದು ಲೇಸು.

ಅಂಥ ಮಗನ ಹೆಸರಿಗೇ ನೇರವಾಗಿ ಹಣ ಬಿಡುವುದೂ ಎಲ್ಲೆಡೆ ವಿವೇಕವಲ್ಲ. ಲೆಕ್ಕ ತಿಳಿಯದವನ ಕೈಯ ಹೆಬ್ಬೆಟ್ಟು ಯಾರ ಕಾಗದದ ಮೇಲಾದರೂ ಬಿದ್ದೀತು. 1882ರ ಭಾರತೀಯ ಟ್ರಸ್ಟು ಕಾಯಿದೆಯಂತೆ ಒಬ್ಬನೇ ಫಲಾನುಭವಿಯ ಸಲುವಾಗಿ ಖಾಸಗಿ ಟ್ರಸ್ಟನ್ನು ರಚಿಸಬಹುದು. ಮೃತ್ಯುಪತ್ರದ ಮೂಲಕವೂ ಅದು ಸಾಧ್ಯ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಗನ ಕಾಲಾನಂತರ ಉಳಿದ ಹಣ ಯಾರಿಗೆ ಸಲ್ಲಬೇಕೆಂದು ಬರೆದಿರುತ್ತೇವೆಯೋ ಅವನೇ ಖರ್ಚು ಮಾಡುವ ಏಕೈಕ ಟ್ರಸ್ಟಿಯೂ ಆಗಕೂಡದು. ಉಳಿಸಿದಷ್ಟೂ ತನಗೇ ಲಾಭವೆಂದಾದಾಗ, ಫಿಸಿಯೊಥೆರಪಿಯೂ ಹಾಲೂ ದುಂದುವೆಚ್ಚವಾಗಿ ತೋರತೊಡಗುತ್ತವೆ. ಹಣ ನೋಡಿಕೊಳ್ಳುವವರು ಒಬ್ಬರು, ದೇಹ ನೋಡಿಕೊಳ್ಳುವವರು ಇನ್ನೊಬ್ಬರು ಆಗಿರುವುದೇ ನನ್ನ ದೃಷ್ಟಿಯಲ್ಲಿ ಕ್ಷೇಮ.

ಮಕ್ಕಳಿಗೆ ಹದಿನೆಂಟು ತುಂಬಿದೊಡನೆ ತಂದೆತಾಯಿಗಳ ಸಹಜ ಪಾಲಕತ್ವ ಮುಗಿಯುತ್ತದೆಂಬುದನ್ನು ಬಹುಮಂದಿ ಅರಿಯರು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಕಲತೆಯುಳ್ಳವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯ ಮೇರೆಗೆ, ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ಇಲ್ಲಿಯವರು ಸಿವಿಲ್ ಲೈನ್ಸಿನ ಕಲೆಕ್ಟರ್ ಕಚೇರಿಯಲ್ಲಿ ವಿಚಾರಿಸಬೇಕು. ನೇಮಕಗೊಂಡ ಪಾಲಕನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ವರ್ಷವರ್ಷವೂ ಲೆಕ್ಕವನ್ನೂ ಒಪ್ಪಿಸತಕ್ಕದ್ದು. ಹಾಗೆಂದು ಎಲ್ಲರಿಗೂ ಪಾಲಕರು ಬೇಕೆಂದಲ್ಲ. ಸೆರೆಬ್ರಲ್ ಪಾಲ್ಸಿಯಿಂದ ಮಾತು ತೊದಲುವ ಎಷ್ಟೋ ಜನರ ಬುದ್ಧಿ ನಮ್ಮಷ್ಟೇ ಚುರುಕು. ಅವರ ಖಾತೆಯನ್ನು ಅವರೇ ನಡೆಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಆಶಯವೂ ಅದೇ.

ಕೇಂದ್ರ ಸರಕಾರದ ನಿವೃತ್ತರಿಗೆ ಒಂದು ಮಾತು. ಸ್ವಂತ ಜೀವನೋಪಾಯ ಗಳಿಸಲಾರದ ವಿಕಲಚೇತನ ಮಗ ಮಗಳಿಗೆ ನಿಯಮಾನುಸಾರ ಆಜೀವ ಕುಟುಂಬ ಪಿಂಚಣಿ ಉಂಟು. ನೀವು ಬದುಕಿರುವಾಗಲೇ ಅವರ ಹೆಸರನ್ನು ಪಿಂಚಣಿ ಆದೇಶದಲ್ಲಿ ಸೇರಿಸಿಕೊಳ್ಳಿ. ಆಮೇಲೆ ಅಲೆಯುವವರು ಯಾರು?

ವೃದ್ಧರು ಮನೆಯನ್ನು ಪ್ರೀತಿಯಿಂದ ದಾನಪತ್ರ ಮಾಡಿಕೊಡುವ ಮೊದಲು, "ನಮ್ಮನ್ನು ನೋಡಿಕೊಳ್ಳತಕ್ಕದ್ದು" ಎಂಬ ಷರತ್ತನ್ನು ಅದರಲ್ಲಿಯೇ ಬರೆಸಲಿ. ಆ ಷರತ್ತು ಮುರಿದಲ್ಲಿ 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನಂತೆ ದಾನವನ್ನು ರದ್ದುಗೊಳಿಸಲು ನ್ಯಾಯಾಧಿಕರಣವನ್ನು ಬೇಡಬಹುದು.

ಇಷ್ಟಾದರೂ ವಕೀಲರು ಬರೆಯಲಾರದ ಕಾಗದವೊಂದು ಉಳಿಯುತ್ತದೆ. ಮೂರ್ಛೆಯ ಮಾತ್ರೆ ಎಷ್ಟು ಹೊತ್ತಿಗೆ, ಅನ್ನ ಎಷ್ಟು ಮೆದುವಾಗಿರಬೇಕು, ಗುಡುಗಿಗೆ ಹೆದರುತ್ತಾಳೆಯೇ, ಯಾವ ವೈದ್ಯರ ಬಳಿ ಹಳೆಯ ಚೀಟಿಗಳಿವೆ ಎಂಬುದನ್ನೆಲ್ಲ ತಾಯಿಯೇ ಬರೆದಿಡಬೇಕು. ನಮ್ಮ ಮನೆಗಳಲ್ಲಿ ಇಂಥ ಮಕ್ಕಳಿಗೆ ತಿಳಿಯುವುದು ಹೆಚ್ಚಾಗಿ ಕನ್ನಡವೊಂದೇ. ಮರಾಠಿ ಆಡುವ ಆಶ್ರಮದಲ್ಲಿ "ನೀರು", "ನೋವು" ಎಂದರೆ ಯಾರಿಗೆ ತಿಳಿಯಬೇಕು? ಆ ಹತ್ತಿಪ್ಪತ್ತು ಶಬ್ದಗಳನ್ನು ದೇವನಾಗರಿಯಲ್ಲಿ, ಅರ್ಥಸಹಿತ, ಅದೇ ಕಾಗದದಲ್ಲಿ ಬರೆಯಿರಿ. ಟ್ರಸ್ಟಿಗಳಾಗಲು, ತಿಂಗಳಿಗೊಮ್ಮೆ ಹೋಗಿ ಅವರೊಡನೆ ಕನ್ನಡ ಮಾತಾಡಿ ಬರಲು ಒಪ್ಪುವ ಐದಾರು ಸದಸ್ಯರ ಹೆಸರನ್ನು ನಮ್ಮ ಸಂಘದ ಕಾರ್ಯದರ್ಶಿಗಳು ಬರೆದಿಟ್ಟುಕೊಳ್ಳಲಿ. ಲೆಕ್ಕ ನೋಡುವ ಕೆಲಸಕ್ಕೆ ನನ್ನ ಹೆಸರನ್ನು ಸೇರಿಸಿಕೊಳ್ಳಬಹುದು.